ಮೂರನೆಯ ರೀಲನ್ನು ನಾನು ಮಗುಚಿ ಹಾಕಿದ್ದು

ಹಳೆಯ ಫಿಲ್ಮಿನ ಡಬ್ಬಿ ತೆರೆದ ಕೂಡಲೇ ಮಾಡಬೇಕಾದ್ದು ನೋಡುವುದಲ್ಲ, ಮೂಸುವುದು. ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಲ್ಲಿ ಹಳೆಯ ಸಿನಿಮಾ ಕಾಪಾಡುವ ಆ ಲ್ಯಾಬಿನಲ್ಲಿ ನನಗೆ ಮೊದಲ ದಿನ ಕಲಿಸಿದ ಪಾಠ ಇದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಫಿಲ್ಮೆಲ್ಲ ನೈಟ್ರೇಟ್ ಎಂಬ ಪದಾರ್ಥದ್ದು. ಕಿಡಿ ತಾಗಿದರೆ ಪಟಾಕಿ ಮದ್ದಿನ ಹಾಗೆ ಉರಿಯುತ್ತದೆ, ತಾಗದಿದ್ದರೆ ತಾನಾಗಿಯೇ ಕೊಳೆಯುತ್ತದೆ. ಕೊಳೆಯಲು ಶುರುವಾದರೆ ಮಳೆಗಾಲದಲ್ಲಿ ಒಣಗದ ಕಾಲುಚೀಲದ ವಾಸನೆ. ಆರು ಡಬ್ಬಿಗಳ ಆ ಸಿನಿಮಾ ಬಂದಾಗ ಐದು ಡಬ್ಬಿ ಪರವಾಗಿಲ್ಲ ಎನ್ನುವಂತಿದ್ದವು. ಮೂರನೆಯದರ ಮುಚ್ಚಳ ತೆಗೆದ ಮುಖ್ಯಸ್ಥರು ಎರಡು ಹೆಜ್ಜೆ ಹಿಂದೆ ಸರಿದು, ಇದು ನಿನ್ನದು ಎಂದು ನನ್ನ ಕಡೆ ತಳ್ಳಿದರು.

ಅದು ತೊಂಬತ್ತರ ದಶಕದ ಕೊನೆ. ಮದರಾಸಿನ ಲ್ಯಾಬೊಂದರಲ್ಲಿ ನೆಗೆಟಿವ್ ಕತ್ತರಿಸಿ ಜೋಡಿಸುತ್ತಿದ್ದ ಮೈಸೂರಿನವಳಾದ ನನ್ನನ್ನು ಒಂದು ವರ್ಷದ ಕರಾರಿನ ಮೇಲೆ ಕರೆಸಿಕೊಂಡಿದ್ದರು. ಕೈ ಚುರುಕು, ಕಣ್ಣು ಚುರುಕು ಎಂದು ಹೆಸರಿತ್ತು, ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು. ಇನ್ನೊಂದು ಅನುಕೂಲವೂ ಇತ್ತು: ನೈಟ್ರೇಟ್ ಕೋಣೆಯೊಳಗೆ ನೈಲಾನ್ ಬಟ್ಟೆ ತೊಡುವಂತಿಲ್ಲ, ಕಿಡಿ ಹಾರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಹತ್ತಿಯ ಚೂಡಿದಾರ ಬಿಟ್ಟು ಬೇರೇನೂ ಇರಲಿಲ್ಲ. ಹೊಸಬರಿಗೆ ನಿಯಮ ಹೇಳುವಾಗಲೆಲ್ಲ ಮುಖ್ಯಸ್ಥರು ನನ್ನನ್ನೇ ನಿಲ್ಲಿಸಿ ತೋರಿಸುತ್ತಿದ್ದರು.

ಆ ಸಿನಿಮಾದ ನಾಯಕಿಯ ಬಗ್ಗೆ ಆಗ ನನಗೆ ಗೊತ್ತಿದ್ದುದು ಫೈಲಿನಲ್ಲಿದ್ದಷ್ಟೇ. ಡಚ್ ಹುಡುಗಿ. ಊರಿನ ಕಾಲುವೆ ಹೆಪ್ಪುಗಟ್ಟಿದಾಗ ಸ್ಕೇಟಿಂಗ್ ಕಲಿತು, ಆಮೇಲೆ ಪರದೇಶದ ಮಂಜುಗಡ್ಡೆಯ ರಿಂಕುಗಳಲ್ಲಿ ಪಳಗಿ, ಸ್ಪರ್ಧೆಗಳಲ್ಲಿ ಗೆದ್ದವಳು. ಮಂಜುಗಡ್ಡೆಯ ಮೇಲೆ ಕುಣಿಯುವ ತಂಡವೊಂದರ ಜೊತೆ ಅಮೆರಿಕಕ್ಕೆ ಹೋದಾಗ ಹಾಲಿವುಡ್ ಸ್ಟುಡಿಯೋ ಒಂದರವರ ಕಣ್ಣಿಗೆ ಬಿದ್ದಳು. ಏಳು ವರ್ಷದ ಕರಾರು, ಐದು ಸಿನಿಮಾ. ಕೊನೆಕೊನೆಗೆ ಸ್ಕೇಟಿಂಗ್ ಕಡಿಮೆಯಾಗಿ ನಟನೆ ಹೆಚ್ಚಾಯಿತು. ಕರಾರು ಮುಗಿದ ಮೇಲೆ ವಾಪಸು ಬಂದು ಮಕ್ಕಳಿಗೆ ಸ್ಕೇಟಿಂಗ್ ಹೇಳಿಕೊಟ್ಟರಂತೆ. ನಮ್ಮ ಕೈಗೆ ಬಂದಿದ್ದು ಮೊಟ್ಟಮೊದಲ ಸಿನಿಮಾ. ಮೂಲ ನೆಗೆಟಿವ್ ಎಲ್ಲೂ ಉಳಿದಿರಲಿಲ್ಲ. ಬಾಗಿಲು ಮುಚ್ಚಿದ ವಿತರಕರೊಬ್ಬರ ಗೋದಾಮಿನಲ್ಲಿ ಈ ಒಂದು ನಕಲು ನೆಗೆಟಿವ್ ಸಿಕ್ಕಿತ್ತು, ಚಿತ್ರದ್ದು ಮಾತ್ರ; ಧ್ವನಿಯದು ಬೇರೆ ಫಿಲ್ಮಿನಲ್ಲಿತ್ತು.

ಆಕೆ ಇನ್ನೂ ಇದ್ದರು. ಎಂಬತ್ತು ದಾಟಿತ್ತು, ಮನೆ ಆಮ್ಸ್ಟೆಲ್‌ವೀನ್‌ನಲ್ಲಿ, ನಾನು ಬೆಳಿಗ್ಗೆ ಬಸ್ ಹಿಡಿಯುವ ಸ್ಟಾಪಿನಿಂದ ನಾಲ್ಕು ಬೀದಿ ಆಚೆ. ಅವರ ಅಣ್ಣನ ಮಗಳು ಜೊತೆಗಿದ್ದು ನೋಡಿಕೊಳ್ಳುತ್ತಿದ್ದರು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರ ನಡುಭಾಗ ಯಾವತ್ತು ಬೇಕಾದರೂ ಹೋಗಬಹುದು, ನೋಡಬೇಕಾದ್ದೇನಾದರೂ ಇದ್ದರೆ ಬೇಗ ನೋಡಿಬಿಡಲಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಆಕೆ ಬೇರೇನನ್ನೂ ಕೇಳಲಿಲ್ಲವಂತೆ, ಈ ಮೊದಲ ಸಿನಿಮಾವನ್ನು ಕೇಳಿದರಂತೆ. ಬಿಡುಗಡೆಯ ದಿನ ಒಂದೇ ಸಲ ನೋಡಿದ್ದು. ಹಾಗಾಗಿ ನಮಗೆ ಅವಸರ.

ಮೂರನೆಯ ರೀಲಿನಲ್ಲಿ ಇದ್ದದ್ದು ಸ್ಕೇಟಿಂಗಿನ ದೊಡ್ಡ ದೃಶ್ಯ ಒಂದೇ, ಹೆಚ್ಚುಕಡಿಮೆ ಐದು ನಿಮಿಷ. ರೀಲಿನ ಶುರುವಿನ ಭಾಗ ಅಂಟಿಕೊಂಡು ಬೆಲ್ಲದ ಅಚ್ಚಿನಂತಾಗಿತ್ತು. ಬಿಡಿಸಲು ಎರಡು ದಿನ ಪ್ರಯತ್ನಿಸಿ, ಕೊನೆಗೆ ಕೆಲವು ಮೀಟರ್ ಕತ್ತರಿಸಿ ತೆಗೆದೆ. ಕತ್ತರಿಸಿದ ನೈಟ್ರೇಟನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ನೀರು ತುಂಬಿದ ಡ್ರಮ್ ಇರುತ್ತದೆ, ಅದರೊಳಗೆ ಮುಳುಗಿಸಿಡಬೇಕು. ಪರವಾನಗಿ ಇರುವ ಲಾರಿಯವರು ಆಗಾಗ ಬಂದು ಡ್ರಮ್ಮನ್ನೂ, ನಕಲು ತೆಗೆದು ಮುಗಿದ ಕೊಳೆತ ರೀಲುಗಳನ್ನೂ ಒಯ್ದು ಸುಡುತ್ತಾರೆ. ಉಳಿದ ರೀಲನ್ನು ಕೈಯಿಂದ ಸುತ್ತಿ, ಹರಿದ ತೂತುಗಳಿಗೆ ತೇಪೆ ಹಾಕಿ, ಎಷ್ಟು ಕುಗ್ಗಿದೆ ಎಂದು ಅಳೆದು, ಹೊಸ ಫಿಲ್ಮಿಗೆ ನಕಲು ಇಳಿಸುವುದು ನನ್ನ ಕೆಲಸ.

ಇಲ್ಲೊಂದು ವಿಷಯ ಹೇಳಲೇಬೇಕು. ಫಿಲ್ಮಿಗೆ ಎರಡು ಮಗ್ಗುಲು, ಒಂದು ಹೊಳಪು, ಇನ್ನೊಂದು ಮಂಕು. ಚಿತ್ರ ಇರುವುದು ಮಂಕು ಮಗ್ಗುಲಲ್ಲಿ. ಯಂತ್ರಕ್ಕೆ ಹಾಕುವಾಗ ಮಗ್ಗುಲು ಅದಲುಬದಲಾದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ. ನಕಲಿನಿಂದ ನಕಲು ತೆಗೆದ ನೆಗೆಟಿವ್‌ಗಳಲ್ಲಿ ಯಾವುದು ಸರಿ ಮಗ್ಗುಲು ಎಂದು ಕಣ್ಣಿಗೆ ಕಾಣುವ ಗುರುತಿನಿಂದಲೇ ತೀರ್ಮಾನಿಸಬೇಕು. ಒಂದು ಬೋರ್ಡಿನ ಅಕ್ಷರ, ಕೈಗಡಿಯಾರ, ಕೋಟಿನ ಗುಂಡಿ, ಏನಾದರೂ.

ಮೂರನೆಯ ರೀಲಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಸುತ್ತ ಕತ್ತಲೆ, ನಡುವೆ ಬೆಳಕಿನ ವೃತ್ತ, ಅದರಲ್ಲಿ ಉಣ್ಣೆಯ ಟೋಪಿ ತೊಟ್ಟ ಒಬ್ಬಳೇ ಹುಡುಗಿ. ಬೈತಲೆ ಕೂಡ ಕಾಣದು. ಆದರೆ ಆಕೆ ಬಲಕ್ಕೆ ತಿರುಗುತ್ತಿದ್ದಳು. ಪ್ರತಿ ಸುತ್ತು, ಪ್ರತಿ ಜಿಗಿತ, ಬಲಕ್ಕೆ.

ನೋಡಿದ ಕೂಡಲೇ ನನ್ನ ಕಣ್ಣಿಗೆ ಅದೇ ಸರಿ ಅನಿಸಿತು. ಅನಿಸದೆ ಏನು? ಹುಟ್ಟಿದಂದಿನಿಂದ ದೇವರ ಸುತ್ತ ಬಲಕ್ಕೆ ಸುತ್ತಿದವಳು ನಾನು. ಪೂಜೆ ಮುಗಿದ ಮೇಲೆ ನಿಂತಲ್ಲೇ ಮೂರು ಸಲ ತಿರುಗುವ ಆತ್ಮಪ್ರದಕ್ಷಿಣೆಯೂ ಬಲಕ್ಕೇ. ಅಪ್ರದಕ್ಷಿಣವಾಗಿ ಹೆಜ್ಜೆಯಿಟ್ಟರೆ ಅಜ್ಜಿ ರಟ್ಟೆ ಹಿಡಿದು ತಿರುಗಿಸುತ್ತಿದ್ದರು. ಟೀವಿಯಲ್ಲಿ ಸ್ಕೇಟಿಂಗ್ ನೋಡುವಾಗ ನನಗೆ ಯಾವತ್ತೂ ಒಂದು ಕಸಿವಿಸಿ, ಎಲ್ಲರೂ ಎಡಕ್ಕೇ ಸುತ್ತುತ್ತಾರಲ್ಲ ಎಂದು. ಅದನ್ನೇ ಒಮ್ಮೆ ಹೇಳಿ ನಗೆಪಾಟಲಾಗಿದ್ದೆ ಕೂಡ. ಈಗ ಈ ಹುಡುಗಿ ಬಲಕ್ಕೆ ತಿರುಗಿದಾಗ ನನ್ನೊಳಗಿನ ಬುದ್ಧಿವಂತೆ ಎದ್ದು ಕೂತಳು: ನಿನಗೆ ಸರಿ ಕಾಣುತ್ತಿದೆ ಅಂದರೆ ಅದು ನಿನ್ನ ಮೈಸೂರಿನ ಕಣ್ಣು, ಅದನ್ನು ನಂಬಬೇಡ.

ಆಕೆಯ ನಂತರದ ಎರಡು ಸಿನಿಮಾಗಳ ಕ್ಯಾಸೆಟ್ ತರಿಸಿ ನೋಡಿದೆ. ಎರಡರಲ್ಲೂ ಎಡಕ್ಕೆ, ಒಂದು ಸುತ್ತೂ ತಪ್ಪದಂತೆ ಎಡಕ್ಕೆ. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಫಿಲ್ಮಿನ ಅಂಚಿನಲ್ಲಿ ತಯಾರಕರ ಅಕ್ಷರಗಳಿರುತ್ತವೆ. ಉಳಿದ ಐದು ರೀಲುಗಳಲ್ಲಿ ಅವನ್ನು ಮಂಕು ಮಗ್ಗುಲಿಂದ ಓದಬಹುದಿತ್ತು, ಮೂರನೆಯದರಲ್ಲಿ ಮಾತ್ರ ಹೊಳಪು ಮಗ್ಗುಲಿಂದ. ಸರಿ, ಹಿಂದೆ ಯಾವನೋ ಉಲ್ಟಾ ನಕಲು ತೆಗೆದಿದ್ದಾನೆ ಎಂದು ತೀರ್ಮಾನಿಸಿದೆ. ರೀಲನ್ನು ಮಗುಚಿ ಹಾಕಿ, ಫೋಕಸ್ ಸರಿಮಾಡಿ, ನಕಲು ಇಳಿಸಿದೆ. ಹುಡುಗಿ ಎಡಕ್ಕೆ ತಿರುಗಿದಳು.

ಪ್ರತಿ ರೀಲಿಗೂ ಒಂದು ಕಾರ್ಡು ಇರುತ್ತದೆ, ಮಾಡಿದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ತೇಪೆ ಹಾಕಿದ್ದು ಬರೆದೆ, ಕತ್ತರಿಸಿದ್ದು ಬರೆದೆ. ಮಗುಚಿದ್ದು ಬರೆಯಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಮದರಾಸಿನಲ್ಲಿ ನನಗೆ ಕೆಲಸ ಕಲಿಸಿದ ಮೇಷ್ಟ್ರು ಉಲ್ಟಾ ಬಂದ ರೀಲನ್ನು ತುಟಿಪಿಟಿಕ್ಕೆನ್ನದೆ ನೇರ ಮಾಡಿ ಹಾಕುತ್ತಿದ್ದರು. ಇನ್ನೊಬ್ಬರ ತಪ್ಪನ್ನು ಸದ್ದಿಲ್ಲದೆ ತಿದ್ದುವುದು ಅಲ್ಲಿ ಕೆಲಸಗಾರನ ಮರ್ಯಾದೆ. ಬರೆದು ತೋರಿಸಿಕೊಳ್ಳುವುದು ಚಿಲ್ಲರೆತನ. ನನಗೆ ಆ ಮರ್ಯಾದೆ ಮೈಗೂಡಿತ್ತು.

ಬುಧವಾರ ಮಧ್ಯಾಹ್ನ ಲ್ಯಾಬಿನ ಪುಟ್ಟ ಪ್ರದರ್ಶನ ಕೋಣೆಗೆ ಆಕೆಯನ್ನು ಕರೆತಂದರು. ಎಂಟೇ ಕುರ್ಚಿಗಳ ಕೋಣೆ. ಆಕೆ ನೆಟ್ಟಗೆ ನಡೆದರು, ಅಣ್ಣನ ಮಗಳು ಚಾಚಿದ ಕೈಯನ್ನು ಹಿಡಿಯಲಿಲ್ಲ. ಕೆನ್ನೆಗೆ ಬಣ್ಣ, ತುಟಿಗೆ ಬಣ್ಣ, ಕೊರಳಲ್ಲಿ ಸರದ ಬದಲು ಒಂದು ಪುಟ್ಟ ದುರ್ಬೀನು. ಮೊದಲ ಸಾಲಿನಲ್ಲಿ ಕೂತು, ನೋಡುವ ಕಣ್ಣಿಗೆ ಅದನ್ನು ಹಿಡಿದರು. ಮೊದಲೆರಡು ರೀಲಿನುದ್ದಕ್ಕೂ ತಮಾಷೆ ಮಾಡುತ್ತಲೇ ಇದ್ದರು. ಇವನ ಬಾಯಿ ಈರುಳ್ಳಿ ನಾರುತ್ತಿತ್ತು, ಆ ಗೋಡೆ ರಟ್ಟಿನದು, ಅದಕ್ಕೆ ಒರಗಬಾರದು ಅಂತ ದಿನಾ ಬೈಸಿಕೊಳ್ಳುತ್ತಿದ್ದೆ, ಹೀಗೆ. ಮುಖ್ಯಸ್ಥರು ನಗುತ್ತಿದ್ದರು. ನಾನು ಹಿಂದೆ ನಿಂತು ನನ್ನ ಕೈಕೆಲಸವನ್ನು ಮೆಚ್ಚಿಕೊಳ್ಳುತ್ತಿದ್ದೆ.

ಮೂರನೆಯ ರೀಲು ಶುರುವಾಯಿತು. ಆಕೆಯ ಮಾತು ನಿಂತಿತು. ಎರಡನೆಯ ಜಿಗಿತಕ್ಕೆ ದುರ್ಬೀನನ್ನು ಮಡಿಲಿಗೆ ಇಳಿಸಿದರು.

"ನಿಲ್ಲಿಸಿ," ಎಂದರು. "ಇದು ನಾನಲ್ಲ. ಇದು ಆ ಹುಡುಗಿ."

ಅಣ್ಣನ ಮಗಳು ಪಕ್ಕಕ್ಕೆ ಬಂದು, ಅತ್ತೆ, ಇದು ನೀವೇ, ಮೊದಲನೆಯ ಸಿನಿಮಾ ಎಂದು ಡಚ್ ಭಾಷೆಯಲ್ಲಿ ಸಮಾಧಾನ ಹೇಳಿದರು. ಆಕೆ ಕೇಳಲಿಲ್ಲ. ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಇದೊಂದನ್ನಾದರೂ ನನಗೆ ಬಿಟ್ಟಿದ್ದರು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆನಲ್ಲ," ಎಂದರು ಇಂಗ್ಲಿಷಿನಲ್ಲಿ, ಯಾರಿಗೂ ಅಲ್ಲದಂತೆ. ಮುಂದಿನ ರೀಲುಗಳನ್ನು ನೋಡದೆ ಹೊರಟುಹೋದರು. ಬರುವಾಗ ಹಿಡಿಯದ ಕೈಯನ್ನು ಹೋಗುವಾಗ ಹಿಡಿದಿದ್ದರು.

ವಯಸ್ಸಾಗಿದೆ, ಕಣ್ಣೂ ಸರಿಯಿಲ್ಲ, ಏನು ಮಾಡುವುದು ಎಂದರು ಮುಖ್ಯಸ್ಥರು. ನಾನೂ ತಲೆ ಆಡಿಸಿದೆ. ಆ ಹೊತ್ತಿಗೆ ನನಗೂ ನಿಜವಾಗಿ ಹಾಗೇ ಅನಿಸಿತ್ತು.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಮುಖ್ಯಸ್ಥರು ಹೊರಗೆ ಹೋಗಿದ್ದರಿಂದ ನಾನೇ ಎತ್ತಿದೆ. ಅಣ್ಣನ ಮಗಳು. ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಈ ಸಿನಿಮಾವನ್ನು ಎಲ್ಲೂ ತೋರಿಸಕೂಡದು, ತೋರಿಸಿದರೂ ತನ್ನ ಹೆಸರು ಇರಕೂಡದು ಅನ್ನುತ್ತಿದ್ದಾರೆ ಎಂದರು. ಆಮೇಲೆ, ಕೇಳದಿದ್ದರೂ, ಹೇಳತೊಡಗಿದರು. ಅವರಿಗೂ ಈ ಸಂಗತಿ ತಿಳಿದದ್ದು ಬುಧವಾರ ಸಂಜೆಯೇ.

ಎರಡನೆಯ ಸಿನಿಮಾದ ತಾಲೀಮಿನಲ್ಲಿ ಆಕೆಯ ಕಾಲಿನ ಹರಡು ಮುರಿದಿತ್ತಂತೆ. ಸ್ಟುಡಿಯೋದವರು ಕಾಯಲಿಲ್ಲ. ಕೆನಡಾದಿಂದ ಅದೇ ಮೈಕಟ್ಟಿನ ಇನ್ನೊಬ್ಬ ಹುಡುಗಿಯನ್ನು ತಂದರು. ಅಲ್ಲಿಂದ ಮುಂದೆ ನಾಲ್ಕೂ ಸಿನಿಮಾಗಳಲ್ಲಿ ಜಿಗಿದದ್ದು, ಸುತ್ತಿದ್ದು ಎಲ್ಲ ಆ ಹುಡುಗಿ. ಈಕೆಯದು ಮಂಜುಗಡ್ಡೆಯ ಮೇಲೆ ನಿಂತು ನಗುವ ಮುಖ ಮಾತ್ರ. ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದರು, ಈಕೆ ಆ ಮಾತನ್ನು ಮೊನ್ನೆ ಬುಧವಾರದವರೆಗೂ ಉಳಿಸಿಕೊಂಡಿದ್ದರು. ಮೊದಲ ಸಿನಿಮಾ ಮಾತ್ರ ತನ್ನದು, ಪೂರ್ತಿ ತನ್ನದು ಎಂಬುದೇ ಅವರ ಪಾಲಿಗೆ ಉಳಿದಿದ್ದ ಆಸ್ತಿ. ಬಿಡುಗಡೆಯಾದ ಮೇಲೆ ಅದನ್ನೂ ಬೆನ್ನ ಹಿಂದೆ ಆ ಹುಡುಗಿಯಿಂದ ಮತ್ತೆ ಚಿತ್ರೀಕರಿಸಿ ಸೇರಿಸಿದ್ದಾರೆ ಎಂದು ಅವರ ನಂಬಿಕೆ.

"ನಿಮ್ಮ ಅತ್ತೆಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತಾಯಿತು?" ಎಂದೆ.

"ಆ ಹುಡುಗಿ ಎಡಕ್ಕೆ ತಿರುಗುತ್ತಿದ್ದಳು, ಎಲ್ಲರ ಹಾಗೆ," ಎಂದರು ಅಣ್ಣನ ಮಗಳು. "ಅತ್ತೆ ಬಲಕ್ಕೆ."

ಫೋನಿಟ್ಟು ಸೀದಾ ಹಿತ್ತಲಿನ ಶೆಡ್ಡಿಗೆ ಹೋದೆ. ಉದ್ದನೆಯ ರಬ್ಬರ್ ಕೈಗವಸು ತೊಟ್ಟು ಡ್ರಮ್ಮಿನೊಳಗೆ ಕೈ ಹಾಕಿದೆ. ನಾನು ಕತ್ತರಿಸಿ ಹಾಕಿದ್ದ ತುಂಡು ಕೆಳಗೆ ಕೂತಿತ್ತು. ನೀರಿನಲ್ಲಿ ನೆನೆದು ಅಂಟು ಸ್ವಲ್ಪ ಬಿಟ್ಟಿತ್ತು, ಒಂದು ಮೊಳದಷ್ಟು ಬಿಡಿಸಲು ಬಂತು. ಅದನ್ನು ಬೆಳಕಿನ ಮೇಜಿನ ಮೇಲೆ ಚಾಚಿ, ಕತ್ತರಿಸಿದ ತುದಿಯನ್ನು ಮೂರನೆಯ ರೀಲಿನ ತುದಿಗೆ ಹೊಂದಿಸಿ, ರೀಲು ಮೊದಲು ಹೇಗಿತ್ತೋ ಹಾಗೇ ಇಟ್ಟು, ಭೂತಗನ್ನಡಿ ಹಿಡಿದೆ. ಸ್ಕೇಟಿಂಗ್ ಶುರುವಾಗುವ ಮುಂಚೆ ವಾದ್ಯಮೇಳದ ಒಂದು ಶಾಟ್ ಇತ್ತು. ನೆಗೆಟಿವ್ ಆದ್ದರಿಂದ ಮುಖಗಳೆಲ್ಲ ಕಪ್ಪು, ಕೋಟುಗಳೆಲ್ಲ ಬಿಳಿ. ಹನ್ನೆರಡು ಮಂದಿ ಪಿಟೀಲಿನವರು. ಎಲ್ಲರ ಕಮಾನೂ ಬಲಗೈಯಲ್ಲಿ.

ತುಂಡನ್ನು ಮಗುಚಿದೆ. ಹನ್ನೆರಡು ಮಂದಿಯೂ ಎಡಚರಾದರು.

ಹನ್ನೆರಡು ಜನ ಎಡಚ ಪಿಟೀಲಿನವರು ಒಂದೇ ಮೇಳದಲ್ಲಿ ಯಾವ ಲೋಕದಲ್ಲಿ ಸಿಗುತ್ತಾರೆ? ರೀಲು ಮೊದಲು ಇದ್ದ ಹಾಗೇ ಸರಿಯಾಗಿತ್ತು. ಅಂಚಿನ ಅಕ್ಷರ ಬೇರೆ ಮಗ್ಗುಲಿಗೆ ಇದ್ದದ್ದು, ಆ ರೀಲು ಮಾತ್ರ ಒಂದು ನಕಲು ಹೆಚ್ಚು ದಾಟಿ ಬಂದಿದ್ದಕ್ಕೆ ಇರಬೇಕು. ನಾನು ನನ್ನ ಕಣ್ಣನ್ನು ನಂಬಿದ್ದರೆ ಸಾಕಿತ್ತು. ಅತಿ ಜಾಣೆಯಾಗಲು ಹೋಗಿ ಒಬ್ಬ ಹೆಂಗಸಿನ ಒಂದೇ ಒಂದು ಸ್ವಂತದ್ದನ್ನು ಕಿತ್ತು ಬೇರೆಯವಳ ಮಡಿಲಿಗೆ ಹಾಕಿದ್ದೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮುಖ್ಯಸ್ಥರು ಅವತ್ತು ವಾಪಸು ಬರಲಿಲ್ಲ ಎಂಬುದು ಒಂದು ನೆಪ. ಆಮೇಲೆ ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ಅವರೇ ನನ್ನನ್ನು ಕರೆದು, ಮುಂದಿನ ಎರಡು ವರ್ಷಕ್ಕೆ ಕರಾರು ಬರೆಸಿದ್ದೇನೆ, ಈ ವಾರ ಸಹಿ ಹಾಕುತ್ತೇನೆ, ವರ್ಕ್ ಪರ್ಮಿಟ್ಟಿಗೆ ಅದೇ ಪತ್ರ ಸಾಕು ಎಂದರು. ಜೊತೆಗೆ, ಗುರುವಾರ ಲಾರಿ ಬರುತ್ತದೆ, ಮೂರನೆಯ ರೀಲನ್ನೂ ಡ್ರಮ್ಮನ್ನೂ ತಯಾರಾಗಿಡು ಎಂದರು. ನಾನು ಆಗಲಿ ಎಂದೆ. ಲಾರಿ ಬಂದುಹೋದರೆ ರೀಲೂ ಇಲ್ಲ, ಪಿಟೀಲಿನವರೂ ಇಲ್ಲ, ಕಾರ್ಡಿನಲ್ಲಿ ಒಂದಕ್ಷರವೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ನೋಡುವವರಿಗೆ ಕಾಣುತ್ತದಂತೆ, ಇಲ್ಲಿ ನೋಡುವವರೇ ಇರಲಿಲ್ಲ. ನಿಜ ಹೇಳುತ್ತೇನೆ, ಆ ಯೋಚನೆ ನನಗೆ ಒಂದು ಕ್ಷಣ ಹಿತವಾಗಿತ್ತು.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಧಾರವಾಡದ ಗೆಳತಿ, ಆಲೂಗಡ್ಡೆಗೆ ಬರುವ ರೋಗದ ಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆ ಸಂಜೆ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ, ಮೂರು ದಿನದಿಂದ ಯಾಕೆ ಮುಖ ಹೀಗಿದೆ ಎಂದು ಕೇಳಿದಳು. ಎಲ್ಲ ಹೇಳಿದೆ. ಪರ್ಮಿಟ್ಟಿನ ವಿಷಯವನ್ನು ಸ್ವಲ್ಪ ಹೆಚ್ಚೇ ಹೇಳಿದೆ. ಅವಳು ಪಾಪ ಎನ್ನಲಿ ಎಂದು ಕಾದೆ.

"ನಿಂದು ತಪ್ಪಾತು, ಆಗ್ಲಿ. ಎಲ್ಲಾರ್ದೂ ಆಗ್ತೈತಿ," ಎಂದಳು. "ಆದ್ರ ಆ ಮುದುಕಿ ಅಲ್ಲಿ ಊಟ ಬಿಟ್ಟು ಕುಂತಾಳ. ನೀ ಇಲ್ಲಿ ಸಹಿ ಆಗ್ಲಿ ಅಂತ ಕುಂತಿ. ಇದಕ್ಕ ತಪ್ಪು ಅನ್ನಂಗಿಲ್ಲ, ಬ್ಯಾರೆ ಹೆಸರೈತಿ."

ನಾನು ಸಿಟ್ಟು ಮಾಡಿಕೊಂಡು, ನಿನಗೇನು, ನಿನ್ನದು ಸ್ಕಾಲರ್‌ಶಿಪ್ಪು ಎಂದೆ. ಅವಳು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಲೆಯ ಕಡೆ ಹೋದಳು.

ಮಂಗಳವಾರ ಬೆಳಿಗ್ಗೆ ಮುಖ್ಯಸ್ಥರು ಕೋಟು ತೆಗೆದು ಗೂಟಕ್ಕೆ ಹಾಕುವ ಮುಂಚೆಯೇ ಹೇಳಿಬಿಟ್ಟೆ. ಬೆಳಕಿನ ಮೇಜಿನ ಹತ್ತಿರ ಕರೆದೊಯ್ದು ಪಿಟೀಲಿನವರನ್ನು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಮೂರನೆಯ ರೀಲಿನ ಕಾರ್ಡು ತೆಗೆದು ನನ್ನ ಮುಂದೆ ಇಟ್ಟರು.

"ಎಲ್ಲಿ ಬರೆದಿದ್ದೀಯ?"

ಬರೆದಿಲ್ಲ ಎಂದೆ.

"ದಿಕ್ಕು ತಪ್ಪಿದ್ದರೆ ಇನ್ನೊಮ್ಮೆ ಸರಿಮಾಡಬಹುದು," ಎಂದರು. "ಬರೆಯದೆ ಮಾಡಿದ್ದನ್ನು ಯಾರೂ ಸರಿಮಾಡಲಾಗದು. ನಾವು ಇಲ್ಲಿ ಸರಿ ಮಾಡುವವರಲ್ಲ. ಕಾಪಾಡುವವರು." ಮೇಜಿನ ಮೇಲಿದ್ದ ಕರಾರಿನ ಕಾಗದವನ್ನು ಡ್ರಾಯರಿಗೆ ಹಾಕಿದರು. ಆ ಕಾಗದ ಆಮೇಲೆ ಹೊರಗೆ ಬರಲಿಲ್ಲ. ಕೆಟ್ಟ ರೀಲನ್ನು ಹೊಸದಾಗಿ ಇಳಿಸಿ ಮುಗಿಸಲು ಮೂರು ತಿಂಗಳು ಕೊಟ್ಟರು, ಅಷ್ಟೇ. ಅದು ಅನ್ಯಾಯ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದಂತಾಗಿದ್ದು ನಿಜ.

ಅವರೇ ಆಕೆಯ ಮನೆಗೆ ಫೋನು ಮಾಡಿದರು. ಡಚ್ ಮಾತು ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ನಡುವೆ ಅವರು ಮಾತು ನಿಲ್ಲಿಸಿ, ಯಾವಾಗ ಎಂದು ಕೇಳಿದರು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಲಿಲ್ಲ, ಕಿಟಕಿಯ ಕಡೆ ನೋಡುತ್ತ ಹೇಳಿದರು. ನಿನ್ನೆ ಬೆಳಿಗ್ಗೆ ಆಕೆಯ ಒಳ್ಳೆಯ ಕಣ್ಣಿನೊಳಗೆ ರಕ್ತ ಸೋರಿದೆ. ನಡುಭಾಗ ಹೋಗಿದೆ. ಅಂಚಿನಲ್ಲಿ ಮಾತ್ರ ಏನೋ ಸ್ವಲ್ಪ ಕಾಣುತ್ತದೆ.

ನಿನ್ನೆ ಬೆಳಿಗ್ಗೆ ನಾನು ಇದೇ ಕೋಣೆಯಲ್ಲಿ ನಿಂತು ಆಗಲಿ ಅಂದಿದ್ದೆ. ಶುಕ್ರವಾರ ಹೇಳಿದ್ದರೆ ಶನಿವಾರ ಇತ್ತು, ಭಾನುವಾರ ಇತ್ತು.

ಹೊಸ ನಕಲು ಮಾಡಿ ಪ್ರಿಂಟ್ ತೆಗೆಯಲು ವಾರಗಳು ಬೇಕು. ಅಂಚಿನಲ್ಲಿ ಉಳಿದದ್ದು ಅಷ್ಟು ದಿನ ಉಳಿಯುತ್ತದೆ ಎಂದು ಹೇಳುವವರು ಯಾರು? ನಾನೇ ಒಂದು ದಾರಿ ಹೇಳಿದೆ. ಇರುವ ಪ್ರಿಂಟನ್ನೇ ಪ್ರೊಜೆಕ್ಟರಿಗೆ ಮಗ್ಗುಲು ಬದಲಿಸಿ ಹಾಕೋಣ. ಫೋಕಸ್ ಮತ್ತೆ ಹಿಡಿಯಬೇಕು. ಪ್ರಿಂಟಿನಲ್ಲಿರುವ ಧ್ವನಿಯ ಪಟ್ಟಿ ಆಚೆ ಅಂಚಿಗೆ ಹೋಗುವುದರಿಂದ ಸದ್ದು ಬರುವುದಿಲ್ಲ. ಚಿತ್ರ ಮಾತ್ರ ಸರಿ ಬರುತ್ತದೆ. ಮುಖ್ಯಸ್ಥರು, ಇಷ್ಟು ವರ್ಷದಲ್ಲಿ ಈ ಕೋಣೆಯಲ್ಲಿ ಫಿಲ್ಮನ್ನು ಉಲ್ಟಾ ಹಾಕಿದ್ದಿಲ್ಲ ಎಂದರು. ಹಾಕಬೇಡ ಎನ್ನಲಿಲ್ಲ.

ಅಣ್ಣನ ಮಗಳು ಮೊದಲು ಒಪ್ಪಲಿಲ್ಲ. ಒಮ್ಮೆ ನೋಯಿಸಿದ್ದು ಸಾಲದೇ ಎಂದು ಕೇಳಿದರು. ಆಕೆಯೇ ಹಟ ಹಿಡಿದು ಮರುದಿನ, ಬುಧವಾರ ಮಧ್ಯಾಹ್ನ ಬಂದರು. ಈ ಸಲ ಮುಖಕ್ಕೆ ಬಣ್ಣವಿರಲಿಲ್ಲ. ದುರ್ಬೀನೂ ಇರಲಿಲ್ಲ.

ಶುರುವಾಗುವ ಮುಂಚೆ ನಾನು ಅವರ ಮುಂದೆ ಕೂತು, ಮಾಡಿದವಳು ನಾನೇ ಎಂದೆ. ಯಾಕೆ ಮಾಡಿದೆ ಎಂಬುದನ್ನೂ ಹೇಳಿದೆ. ಎಲ್ಲರೂ ಎಡಕ್ಕೆ ತಿರುಗುವುದರಿಂದ, ಬಲಕ್ಕೆ ತಿರುಗಿದ್ದು ತಪ್ಪಾಗಿ ಬಂದಿರಬೇಕು ಎಂದುಕೊಂಡೆ ಎಂದೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಅಳು ಬಂತು, ತಡೆದುಕೊಳ್ಳಲಾಗಲಿಲ್ಲ.

ಆಕೆ ನನ್ನ ಕಡೆ ಮುಖ ಮಾಡಿದ್ದರು, ನೋಟ ನನ್ನ ಕಿವಿಯ ಹತ್ತಿರ ಎಲ್ಲೋ ಇತ್ತು. "ನಮ್ಮ ಊರಿನ ಕೋಚ್ ಒಬ್ಬ," ಎಂದರು ನಿಧಾನವಾಗಿ. "ಆಮೇಲೆ ಇನ್ನೊಬ್ಬ ಕೋಚ್. ಸ್ಟುಡಿಯೋದಲ್ಲಿ ನೃತ್ಯ ನಿರ್ದೇಶಕ. ಎಲ್ಲರೂ ನನ್ನನ್ನು ಎಡಕ್ಕೆ ತಿರುಗಿಸಲು ನೋಡಿದರು. ಯಾರಿಗೂ ಆಗಲಿಲ್ಲ. ನಿನಗೆ ಒಂದೇ ದಿನದಲ್ಲಿ ಆಯಿತು."

ಅದು ಬೈಗುಳವೋ ತಮಾಷೆಯೋ ನನಗೆ ಗೊತ್ತಾಗಲಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರು ಎಂದರು.

ದೀಪ ಆರಿತು. ಸದ್ದಿಲ್ಲದೆ ಚಿತ್ರ ಬಂತು. ಆಕೆ ಪರದೆಯಿಂದ ಮುಖ ತಿರುಗಿಸಿ ನನ್ನ ಕಡೆ ನೋಡತೊಡಗಿದರು. ನಡುವೆ ಏನೂ ಕಾಣದ ಕಣ್ಣಿಗೆ, ಅಂಚಿನಿಂದ ನೋಡಬೇಕಾದರೆ ಹಾಗೆ ತಿರುಗಲೇಬೇಕಿತ್ತು. ಗೊತ್ತಿದ್ದರೂ ನನಗೆ ಅವರ ಮುಖ ಎದುರಿಸುವುದು ಕಷ್ಟವಾಯಿತು. ನಾನು ಪರದೆ ನೋಡಿದೆ. ಟೋಪಿಯ ಹುಡುಗಿ ಬೆಳಕಿನ ವೃತ್ತದೊಳಗೆ ಬಂದಳು, ಬಲಕ್ಕೆ ವಾಲಿದಳು, ಜಿಗಿದಳು.

ನನ್ನ ಪಕ್ಕದಲ್ಲಿ ನೆಲಕ್ಕೆ ತಟ್ ಎಂದು ಸದ್ದಾಯಿತು. ಆಕೆಯ ಎಡಗಾಲು. ಪರದೆಯ ಹುಡುಗಿ ಇಳಿದ ಕ್ಷಣಕ್ಕೆ ಸರಿಯಾಗಿ. ಮುಂದಿನ ಜಿಗಿತಕ್ಕೂ ಹಾಗೇ. ಅದರ ಮುಂದಿನದಕ್ಕೂ. ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಆ ಕೋಣೆಯಲ್ಲಿ ಇದ್ದದ್ದು ಆ ಕಾಲಿನ ಸದ್ದೊಂದೇ. ಅಣ್ಣನ ಮಗಳು ಹಿಂದಿನ ಸಾಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ರೀಲು ಮುಗಿದು ಪರದೆ ಬಿಳಿಯಾಯಿತು. ಆಕೆ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು.

"ತಿರುಗುವುದು ಕಾಣುತ್ತದೆ," ಎಂದರು. "ಮುಖ ಕಾಣಲಿಲ್ಲ. ನಗುತ್ತಿದ್ದೇನಾ?"

ಹೌದು ಎನ್ನಬಹುದಿತ್ತು. ಆಕೆಯ ಅಣ್ಣನ ಮಗಳು ಹಿಂದಿನಿಂದ ನನ್ನ ಭುಜ ಮುಟ್ಟಿದರು, ಹೌದು ಅನ್ನು ಎನ್ನುವಂತೆ. ಆದರೆ ಆ ಮುಖವನ್ನು ನಾನು ಭೂತಗನ್ನಡಿಯಲ್ಲಿ ಒಂದೊಂದೇ ಚೌಕ ನೋಡಿದ್ದೆ. ಅವಳ ಮುಖದಲ್ಲಿ ಏನಿದೆ ಎಂದು ಆ ಹೊತ್ತಿಗೆ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

"ಇಲ್ಲ," ಎಂದೆ. "ಒಂದು ಸಲವೂ ನಗುವುದಿಲ್ಲ. ಹಲ್ಲು ಕಚ್ಚಿಕೊಂಡಿದ್ದೀರಿ. ಯಾರ ಮೇಲೋ ಸಿಟ್ಟು ಬಂದ ಹಾಗಿದೆ."

ಆಕೆ ಜೋರಾಗಿ ನಕ್ಕರು. ನಗುತ್ತ ನಗುತ್ತ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು, ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು.

"ಹಾಗಾದರೆ ನಾನೇ," ಎಂದರು.